ಮಲೆನಾಡಿನ ಥಂಡಿಯಲ್ಲಿ ಬೈಪ್ಲೇನ್ ಮಾದರಿ: ಕಟ್ಟುವುದು, ಹಾರಿಸುವುದು, ಮಳೆಗಾಲ ದಾಟಿಸುವುದು

"ಮಳೆ ಮುಗಿದ ಮೇಲೆ ತೆಗೆದು ನೋಡಿದರೆ ರೆಕ್ಕೆ ಸೊಟ್ಟಗಾಗಿದೆ, ಏನು ಮಾಡಲಿ?" ರೇಡಿಯೋದಿಂದ ಹಾರಿಸುವ ಮಾದರಿ ವಿಮಾನ ಕಟ್ಟುವವರಿಂದ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಸಾಗರದಿಂದ ಬರುತ್ತದೆ, ತೀರ್ಥಹಳ್ಳಿಯಿಂದ ಬರುತ್ತದೆ, ಹೊಸನಗರದಿಂದಲೂ ಬರುತ್ತದೆ. ಅದರ ಹಿಂದೆಯೇ ಇನ್ನೆರಡು: ಮೊದಲ ಬೈಪ್ಲೇನ್ ಯಾವುದು ಕಟ್ಟಲಿ, ಮತ್ತು ಎಲ್ಲಿ ಹಾರಿಸಲಿ? ಮೂರಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ನಕ್ಷೆಯ ಜೊತೆ ಬರುವ ಕೈಪಿಡಿಯಲ್ಲಿ ಅಂಟು ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಬರೆದಿರುತ್ತದೆ. ಜುಲೈ ತಿಂಗಳಲ್ಲಿ ಹೊಸನಗರದ ಮನೆಯೊಳಗೆ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ ಎಂದು ಅದರಲ್ಲಿ ಬರೆದಿರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಅಷ್ಟು ಮಳೆ ಇಲ್ಲದ ಊರಲ್ಲೂ ನಮ್ಮ ಕಡೆ ನಾಲ್ಕು ತಿಂಗಳು ಗೋಡೆ ಒದ್ದೆ ಇರುತ್ತದೆ. ನಮ್ಮಲ್ಲಿ ಮಾದರಿ ವಿಮಾನಗಳು ನೆಲಕ್ಕೆ ಬಿದ್ದು ಹಾಳಾಗುವುದಕ್ಕಿಂತ ಥಂಡಿ ಹಿಡಿದು ಹಾಳಾಗುವುದೇ ಹೆಚ್ಚು. ಆದ್ದರಿಂದ ಕೆಲಸದ ಕ್ರಮವನ್ನೇ ಮಳೆ ನೋಡಿ ಹಾಕಿಕೊಳ್ಳಿ. ಮಳೆಗಾಲದಲ್ಲಿ ಕತ್ತರಿಸುವ, ಉಜ್ಜುವ ಕೆಲಸ. ದೀಪಾವಳಿ ಕಳೆದ ಮೇಲೆ ಅಂಟಿಸುವ, ಹೊದಿಸುವ ಕೆಲಸ. ಸಂಕ್ರಾಂತಿ ಹೊತ್ತಿಗೆ ಹಾರಾಟ.

ಯಾವ ವಿಮಾನ ಆರಿಸಬೇಕು?

ಬೈಪ್ಲೇನ್ ಅಂದರೆ ಮೇಲೊಂದು ಕೆಳಗೊಂದು ರೆಕ್ಕೆ ಇರುವ ವಿಮಾನ. ಹಳೆಯ ಕಾಲದಲ್ಲಿ ರೆಕ್ಕೆಗಳು ತೆಳ್ಳಗಿದ್ದವು. ಒಂದೇ ರೆಕ್ಕೆಗೆ ತನ್ನಷ್ಟಕ್ಕೆ ಭಾರ ಹೊರುವ ಗಟ್ಟಿತನ ಇರಲಿಲ್ಲ. ಎರಡು ರೆಕ್ಕೆ ಇಟ್ಟು, ನಡುವೆ ಕಂಬ ನಿಲ್ಲಿಸಿ, ಓರೆಯಾಗಿ ತಂತಿ ಎಳೆದರೆ ಅದು ಸೇತುವೆಯ ಚೌಕಟ್ಟಿನ ಹಾಗೆ ಗಟ್ಟಿಯಾಗುತ್ತದೆ. ತೂಕ ಕಡಿಮೆ, ಬಲ ಜಾಸ್ತಿ. ಆದರೆ ಆ ಕಂಬ, ತಂತಿ ಎಲ್ಲ ಗಾಳಿಯನ್ನು ತಡೆಯುತ್ತವೆ. ಇದನ್ನು ನೆನಪಿಡಿ, ಹಾರಿಸುವಾಗ ಬೇಕಾಗುತ್ತದೆ.

ಇದು ನಿಮ್ಮ ಮೊದಲ ರೇಡಿಯೋ ವಿಮಾನವೇ ಆಗಿದ್ದರೆ ದಯವಿಟ್ಟು ಬೈಪ್ಲೇನ್ ಬೇಡ. ದೇಹದ ಮೇಲ್ಗಡೆ ಒಂದೇ ರೆಕ್ಕೆ ಇರುವ ಫೋಮ್ ಟ್ರೈನರ್, ಅಂದರೆ ಕಲಿಯುವವರ ವಿಮಾನ, ಒಂದನ್ನು ತೆಗೆದುಕೊಂಡು ಒಂದು ಬೇಸಿಗೆ ಪೂರ್ತಿ ಹಾರಿಸಿ. ಮಳೆಗಾಲದಲ್ಲಿ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಕೈ ಪಳಗಿಸಿ. ವಿಮಾನ ನಿಮ್ಮ ಕಡೆ ಮುಖ ಮಾಡಿ ಬರುವಾಗ ಎಡ ಬಲ ತಪ್ಪದೆ ಇದ್ದರೆ ಮಾತ್ರ ಮುಂದಕ್ಕೆ ಹೋಗಿ.

ಮೊದಲ ಬೈಪ್ಲೇನ್ ಆಗಿ ನಾನು ಹೇಳುವುದು ಟೈಗರ್ ಮಾತ್. ಬ್ರಿಟನ್ನಿನ ಡಿ ಹ್ಯಾವಿಲಂಡ್ ಕಂಪನಿಯ ಈ ತರಬೇತಿ ವಿಮಾನ ಮೊದಲು ಹಾರಿದ್ದು 1931ರಲ್ಲಿ. ನಮ್ಮ ವಾಯುಪಡೆಯ ಪೈಲಟ್‌ಗಳೂ ಇದರಲ್ಲಿ ಕಲಿತವರು. ಆಮೇಲೆ ಆ ಜಾಗಕ್ಕೆ ಬಂದದ್ದು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಟಿ-2, 1951ರಲ್ಲಿ ಮೊದಲು ಹಾರಿದ ಒಂಟಿ ರೆಕ್ಕೆಯ ವಿಮಾನ. ಟೈಗರ್ ಮಾತ್ ಕಲಿಯುವವರಿಗಾಗಿಯೇ ಮಾಡಿದ್ದು. ಮಾದರಿಯಲ್ಲೂ ಆ ಸೌಮ್ಯ ಸ್ವಭಾವ ಉಳಿಯುತ್ತದೆ. ಐಲೆರಾನ್ ಇರುವುದು ಕೆಳ ರೆಕ್ಕೆಯಲ್ಲಿ ಮಾತ್ರ. ಐಲೆರಾನ್ ಅಂದರೆ ವಿಮಾನವನ್ನು ಎಡಕ್ಕೋ ಬಲಕ್ಕೋ ವಾಲಿಸುವ, ರೆಕ್ಕೆಯ ತುದಿಯ ಪಟ್ಟಿ. ಮೇಲಿನ ರೆಕ್ಕೆಗೆ ಆ ಪಟ್ಟಿಯನ್ನು ಅಲುಗಿಸುವ ಸರ್ವೋ, ವೈರು ಏನೂ ಬೇಡ, ಕೆಲಸ ಅರ್ಧ ಕಡಿಮೆ.

ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮೆಲ್ ನೋಡಲು ತುಂಬಾ ಚೆನ್ನ. ಆಸೆ ಆಗುತ್ತದೆ, ನನಗೂ ಆಗಿತ್ತು. ಆದರೆ ಅದರ ಮೂತಿ ಗಿಡ್ಡ, ತಿರುವಿನಲ್ಲಿ ಚುರುಕು ವಿಪರೀತ. ಅದನ್ನು ಎರಡನೆಯದೋ ಮೂರನೆಯದೋ ಆಗಿ ಇಟ್ಟುಕೊಳ್ಳಿ.

ಅಳತೆ ಎಷ್ಟು? ನಿಜವಾದ ಟೈಗರ್ ಮಾತ್‌ನ ರೆಕ್ಕೆಯಗಲ 8.94 ಮೀಟರ್. ಅದರ ಆರನೇ ಒಂದು ಭಾಗ ಮಾಡಿದರೆ ಸುಮಾರು 149 ಸೆಂಟಿಮೀಟರ್. ಎಂಟನೇ ಒಂದು ಮಾಡಿದರೆ 112. ಗಾಳಿಯಲ್ಲಿ ದೊಡ್ಡದು ನೆಟ್ಟಗೆ ಹಾರುತ್ತದೆ, ಆದ್ದರಿಂದ ನಾನು 149 ಅನ್ನೇ ಹೇಳುತ್ತೇನೆ. ಆದರೆ ಪೂರ್ತಿ ತೂಕ 2 ಕೆ.ಜಿ. ಒಳಗೇ ಇರಲಿ. ಯಾಕೆ ಅಂತ ಆರನೇ ಹಂತದಲ್ಲಿ ಹೇಳುತ್ತೇನೆ.

ಬೇಕಾಗುವ ಸಾಮಾನು

ಮುಖ್ಯವಾಗಿ ಬಾಲ್ಸಾ ಮರ. ದಕ್ಷಿಣ ಅಮೆರಿಕದ, ಹೆಚ್ಚಾಗಿ ಈಕ್ವೆಡಾರ್‌ನ, ತುಂಬಾ ಹಗುರ ಮರ ಇದು. ಹಾಳೆಯ ಹಾಗೆ ಸೀಳಿ ಮಾರುತ್ತಾರೆ. ನಮ್ಮ ಊರಿನ ಮರದಂಗಡಿಯಲ್ಲಿ ಸಿಗುವುದಿಲ್ಲ, ಬೆಂಗಳೂರಿನ ಹವ್ಯಾಸದ ಅಂಗಡಿಗಳಿಂದ ತರಿಸಬೇಕು. 1.5, 3 ಮತ್ತು 6 ಮಿಲಿಮೀಟರ್ ದಪ್ಪದವು ಸಾಕು. ಮೋಟಾರು ಕೂರುವ ಗೋಡೆಗೆ, ಚಕ್ರದ ಕಾಲು ಸೇರುವ ಜಾಗಕ್ಕೆ 3 ಮಿಲಿಮೀಟರ್ ಪ್ಲೈವುಡ್.

ರೆಕ್ಕೆ ತುದಿಯ ಬಾಗಿದ ಅಂಚಿಗೆ ನಮ್ಮ ಹಿತ್ತಿಲ ಬಿದಿರಿಗಿಂತ ಒಳ್ಳೆಯದು ನಾನು ಕಂಡಿಲ್ಲ. ತೆಳುವಾಗಿ ಸೀಳಿ, ಮೇಣದಬತ್ತಿಯ ಬಿಸಿಗೆ ಹಿಡಿದು ನಿಧಾನ ಬಾಗಿಸಿದರೆ ಬೇಕಾದ ಆಕಾರ ಬರುತ್ತದೆ. ಬಲಿತ ಬಿದಿರನ್ನೇ ಆರಿಸಿ. ಎರಡು ವಾರ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಒಣಗಿಸಿ. ಇಲ್ಲದಿದ್ದರೆ ಕುಟ್ಟೆ ಹಿಡಿದು ಹಿಟ್ಟು ಉದುರಲು ಶುರುವಾಗುತ್ತದೆ.

ಅಂಟು ಮೂರು ಬಗೆಯದು ಬೇಕು. ಸಾಮಾನ್ಯ ಬಿಳಿ ಮರದ ಅಂಟು ಥಂಡಿಗೆ ಮೆತ್ತಗಾಗುತ್ತದೆ, ಹಾಗಾಗಿ ನೀರು ತಡೆಯುವ ಬಗೆಯದನ್ನೇ ಕೇಳಿ ತನ್ನಿ. ಮೋಟಾರಿನ ಗೋಡೆಗೆ, ಚಕ್ರದ ಕಾಲಿಗೆ ಎರಡು ಟ್ಯೂಬಿನ ಎಪಾಕ್ಸಿ. ಮೂರನೆಯದು ಕ್ಷಣದಲ್ಲಿ ಹಿಡಿಯುವ ತೆಳು ಅಂಟು, ಫೆವಿಕ್ವಿಕ್ ಜಾತಿಯದು. ಈ ಕೊನೆಯದಕ್ಕೆ ಗಟ್ಟಿಯಾಗಲು ತೇವವೇ ಬೇಕು. ಮಳೆಗಾಲದಲ್ಲಿ ನೀವು ಎಣಿಸಿದ್ದಕ್ಕಿಂತ ಬೇಗ ಹಿಡಿದುಬಿಡುತ್ತದೆ, ತೆರೆದ ಬಾಟಲಿ ಒಳಗೇ ಕಲ್ಲಾಗುತ್ತದೆ. ಚಿಕ್ಕ ಬಾಟಲಿ ತಂದು, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ.

ವಿದ್ಯುತ್ ಭಾಗದಲ್ಲಿ ಕೈಯಲ್ಲಿ ಹಿಡಿಯುವ 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಮತ್ತು ವಿಮಾನದೊಳಗೆ ಕೂರುವ ರಿಸೀವರ್, ನಾಲ್ಕು ಸರ್ವೋ, ಬ್ರಶ್‌ಲೆಸ್ ಮೋಟಾರು, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಮತ್ತು ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಸರ್ವೋ ಎಂದರೆ ರಡ್ಡರ್, ಎಲಿವೇಟರ್‌ಗಳನ್ನು ಅಲುಗಿಸುವ ಪುಟ್ಟ ಮೋಟಾರು ಪೆಟ್ಟಿಗೆ. ರಡ್ಡರ್ ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ, ಎಲಿವೇಟರ್ ಅಂದರೆ ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ. ಶಕ್ತಿಯ ಲೆಕ್ಕ ಸುಲಭ: ಒಂದು ಕಿಲೋ ತೂಕಕ್ಕೆ 200 ವಾಟ್. 1.8 ಕಿಲೋ ವಿಮಾನಕ್ಕೆ 360 ವಾಟ್. ನಾಲ್ಕು ಸೆಲ್ಲಿನ ಲಿಪೋ 14.8 ವೋಲ್ಟ್ ಕೊಡುತ್ತದೆ, ಹಾಗಾದರೆ ಕರೆಂಟು ಸುಮಾರು 24 ಆಂಪಿಯರ್. ಅದಕ್ಕೆ 40 ಆಂಪಿಯರ್ ಇಎಸ್‌ಸಿ ಹಾಕಿದರೆ ನೆಮ್ಮದಿ. ಬೈಪ್ಲೇನ್‌ಗೆ ವೇಗ ಬೇಡ, ಎಳೆತ ಬೇಕು. ಮೋಟಾರು ಒಪ್ಪುವಷ್ಟು ದೊಡ್ಡ ಅಡ್ಡಗಲದ, ಕಡಿಮೆ ಓರೆಯ ಪ್ರೊಪೆಲ್ಲರ್ ಹಾಕಿ.

ಹಂತ 1: ಮರವನ್ನು ಒಣಗಿಸಿ, ತೂಕ ನೋಡಿ

ಬಾಲ್ಸಾ ಸ್ಪಂಜಿನ ಹಾಗೆ ತೇವ ಕುಡಿಯುತ್ತದೆ. ಕುಡಿದಾಗ ಅಗಲಕ್ಕೆ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಆಗಸ್ಟ್‌ನಲ್ಲಿ ಅಂಟಿಸಿದ ಜೋಡಣೆ ಫೆಬ್ರವರಿಯಲ್ಲಿ ಬಾಯಿ ಬಿಡುವುದು ಇದರಿಂದಲೇ. ಅಂಟನ್ನು ಬೈಯುವ ಮೊದಲು ಮರ ಎಷ್ಟು ಒಣಗಿತ್ತು ಎಂದು ನೋಡಬೇಕು.

ಒಂದು ಒಣ ಪೆಟ್ಟಿಗೆ ಮಾಡಿಕೊಳ್ಳಿ. ಹಳೆಯ ಕಬ್ಬಿಣದ ಬೀರು ಸಾಕು. ಕೆಳಗೆ 15 ವಾಟಿನ ಫಿಲಮೆಂಟ್ ಬಲ್ಬು ಹಾಕಿ. ಎಲ್‌ಇಡಿ ಬಲ್ಬು ಆಗುವುದಿಲ್ಲ, ಅದಕ್ಕೆ ಬೇಕಾದಷ್ಟು ಬಿಸಿ ಇರುವುದಿಲ್ಲ. ಬಲ್ಬಿನ ಸುತ್ತ ತಂತಿ ಜಾಲರಿ ಇರಲೇಬೇಕು. ಮರವಾಗಲಿ ಬಟ್ಟೆಯಾಗಲಿ ಒಂದು ಅಡಿ ದೂರ ಇರಲಿ. ಜೊತೆಗೆ ಒಂದು ಹೈಗ್ರೋಮೀಟರ್, ಅಂದರೆ ಗಾಳಿಯ ತೇವ ತೋರಿಸುವ ಪುಟ್ಟ ಯಂತ್ರ, ಇಡಿ. ಶೇಕಡಾ 45ರಿಂದ 55ರ ಒಳಗೆ ಮುಳ್ಳು ನಿಂತರೆ ಚೆನ್ನಾಗಿದೆ ಎಂದರ್ಥ.

ಮರ ಒಣಗಿದ್ದು ಗೊತ್ತಾಗುವುದು ಹೇಗೆ? ಒಂದು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕ ಮತ್ತು ತಾರೀಕನ್ನು ಅದರ ಮೇಲೇ ಬರೆಯಿರಿ. ಪೆಟ್ಟಿಗೆಯಲ್ಲಿಟ್ಟು ದಿನಾ ತೂಗಿ. ಮೂರು ದಿನ ತೂಕ ಬದಲಾಗದೆ ನಿಂತರೆ ಮರ ತಯಾರು. ಈ ಹಾಳೆಯನ್ನು ಬಳಸಬೇಡಿ, ವರ್ಷಪೂರ್ತಿ ಅಳತೆಗೋಲಾಗಿ ಇಟ್ಟುಕೊಳ್ಳಿ.

ಹಂತ 2: ಬಾಲದಿಂದ ಶುರು ಮಾಡಿ

ಹೆಚ್ಚಿನವರು ರೆಕ್ಕೆಯಿಂದ ಶುರು ಮಾಡುತ್ತಾರೆ. ನೀವು ಬಾಲದಿಂದ ಮಾಡಿ. ಹಳೆಯ ಬೈಪ್ಲೇನ್‌ಗಳ ಮೂತಿ ಗಿಡ್ಡ, ಬಾಲ ಉದ್ದ. ತೂಕದ ಮಧ್ಯಬಿಂದುವಿನಿಂದ ಬಾಲ 60 ಸೆಂಟಿಮೀಟರ್ ಹಿಂದೆ, ಬ್ಯಾಟರಿ 20 ಸೆಂಟಿಮೀಟರ್ ಮುಂದೆ ಇದ್ದರೆ, ಬಾಲದಲ್ಲಿ ಜಾಸ್ತಿಯಾದ ಒಂದೊಂದು ಗ್ರಾಂಗೂ ಮೂತಿಯಲ್ಲಿ ಮೂರು ಗ್ರಾಂ ಸೀಸ ಹಾಕಬೇಕು. ಬಾಲದಲ್ಲಿ ಅಂಟು ಸುರಿದದ್ದಕ್ಕೆ ಮೂತಿಯಲ್ಲಿ ದಂಡ ಕಟ್ಟಿದ ಹಾಗೆ. ಅತಿ ಹಗುರ ಹಾಳೆಗಳನ್ನು ಆರಿಸಿ ಬಾಲಕ್ಕೆಂದು ಎತ್ತಿಡಿ.

ಆಮೇಲೆ ರೆಕ್ಕೆಗಳು. ಸ್ಪಾರ್ ಅಂದರೆ ರೆಕ್ಕೆಯ ಉದ್ದಕ್ಕೂ ಓಡುವ ತೊಲೆ. ಅದಕ್ಕೆ ಅಡ್ಡಲಾಗಿ ನಿಲ್ಲುವವು ರಿಬ್‌ಗಳು, ಪಕ್ಕೆಲುಬಿದ್ದ ಹಾಗೆ. ರಿಬ್‌ಗಳನ್ನೆಲ್ಲ ಒಟ್ಟಿಗೆ ಪಿನ್ನು ಚುಚ್ಚಿ ಒಂದೇ ಗಟ್ಟಿಯಾಗಿ ಉಜ್ಜಿ, ಆಗ ಎಲ್ಲ ಒಂದೇ ಅಳತೆಗೆ ಬರುತ್ತವೆ. ಕಟ್ಟುವ ಹಲಗೆ ನೆಟ್ಟಗಿರಬೇಕು. ಹಳೆಯ ಪ್ಲೈವುಡ್ ಬಾಗಿಲು ಹಲವು ಸಲ ಬಾಗಿರುತ್ತದೆ. ಮೇಲೆ ದಪ್ಪ ಗಾಜು ಹಾಕಿಕೊಂಡರೆ ಒಳ್ಳೆಯದು. ನಕ್ಷೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲದಿದ್ದರೆ ರೆಕ್ಕೆ ನಕ್ಷೆಗೇ ಅಂಟುತ್ತದೆ.

ಅಂಟಿಸಿದ ರೆಕ್ಕೆಯನ್ನು ಆ ರಾತ್ರಿಯೇ ಹಲಗೆಯಿಂದ ಎತ್ತಬೇಡಿ. ಕೈಪಿಡಿ ಒಂದು ರಾತ್ರಿ ಸಾಕು ಅಂದರೆ ನೀವು ಎರಡು ರಾತ್ರಿ ಬಿಡಿ. ಅವಸರದಲ್ಲಿ ಎತ್ತಿದ ರೆಕ್ಕೆ ಒಳಗೊಳಗೇ ತಿರುಚಿಕೊಳ್ಳುತ್ತದೆ. ಆಗ ಕಣ್ಣಿಗೆ ಬೀಳುವುದಿಲ್ಲ, ಹಾರಿಸಿದಾಗ ಗೊತ್ತಾಗುತ್ತದೆ.

ರೆಕ್ಕೆಯ ತುದಿಯಲ್ಲಿ ಹಿಂದಿನ ಅಂಚು ಎರಡು ಡಿಗ್ರಿಯಷ್ಟು ಮೇಲೆ ಇರಲಿ. ಇದಕ್ಕೆ ವಾಷ್‌ಔಟ್ ಎನ್ನುತ್ತಾರೆ. ವೇಗ ಕಡಿಮೆಯಾದಾಗ ರೆಕ್ಕೆಯ ತುದಿ ಮೊದಲು ಸೋತರೆ, ಅಂದರೆ ಎತ್ತುವ ಬಲ ಕಳೆದುಕೊಂಡರೆ, ವಿಮಾನ ಮಗುಚುತ್ತದೆ. ವಾಷ್‌ಔಟ್ ಇದ್ದರೆ ಬುಡ ಮೊದಲು ಸೋಲುತ್ತದೆ, ಮೂತಿ ಮಾತ್ರ ಮೆಲ್ಲಗೆ ಕೆಳಗಾಗುತ್ತದೆ, ನಿಮಗೆ ಸರಿಪಡಿಸಲು ಸಮಯ ಸಿಗುತ್ತದೆ.

ಹಂತ 3: ಎರಡು ರೆಕ್ಕೆ, ಕಂಬ, ತಂತಿ

ಬೈಪ್ಲೇನ್ ಕಟ್ಟುವುದರಲ್ಲಿ ನಿಜವಾದ ಕಷ್ಟ ಇಲ್ಲಿದೆ. ಇದಕ್ಕೆ ಎರಡು ಪೂರ್ತಿ ಭಾನುವಾರ ಕೊಡಿ.

ಮೊದಲು ಕೆಳ ರೆಕ್ಕೆ ಕೂರಿಸಿ. ಎರಡೂ ತುದಿಯಿಂದ ಬಾಲದ ಕೊನೆಗೆ ದಾರ ಹಿಡಿದು ಅಳೆಯಿರಿ, ಎರಡು ಅಳತೆಯೂ ಒಂದೇ ಬರಬೇಕು. ಆಮೇಲೆ ದೇಹದಿಂದ ಮೇಲೇಳುವ ನಡುಗಂಬಗಳು, ಅವುಗಳ ಮೇಲೆ ಮೇಲಿನ ರೆಕ್ಕೆ. ಎರಡೂ ರೆಕ್ಕೆಯ ಓರೆ ನಕ್ಷೆಯಲ್ಲಿ ಕೊಟ್ಟಷ್ಟೇ ಇರಬೇಕು. ಫೋನಿನ ಕೋನ ಅಳೆಯುವ ಆ್ಯಪ್‌ ಸಾಕು. ರೆಕ್ಕೆಯ ಅಡ್ಡಕ್ಕೆ ಒಂದು ನೇರ ಪಟ್ಟಿ ಇಟ್ಟು ಅದರ ಮೇಲೆ ಫೋನ್ ಇಡಿ. ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಿಚ್ಚಿ ಮತ್ತೆ ಕೂರಿಸಿ. "ಆಮೇಲೆ ಟ್ರಿಮ್‌ನಲ್ಲಿ ಸರಿ ಮಾಡಿದರಾಯ್ತು" ಎಂದು ಬಿಟ್ಟರೆ ಅದು ಸರಿ ಆಗುವುದಿಲ್ಲ. ಟ್ರಿಮ್ ಅಂದರೆ ಟ್ರಾನ್ಸ್‌ಮಿಟರ್‌ನಲ್ಲಿ ಸಣ್ಣ ತಿದ್ದುಪಡಿ ಮಾಡುವ ಗುಂಡಿ. ವೇಗ ಬದಲಾದ ಹಾಗೆ ತಪ್ಪು ಬೇರೆ ಬೇರೆ ರೀತಿ ಕಾಣಿಸುತ್ತದೆ.

ತಂತಿಗಳಲ್ಲಿ ಎರಡು ಬಗೆ. ಕೆಳ ರೆಕ್ಕೆಯ ಬುಡದಿಂದ ಮೇಲಿನ ರೆಕ್ಕೆಯ ತುದಿ ಕಡೆಗೆ ಹೋಗುವವು ಹಾರುವಾಗ ಭಾರ ಹೊರುತ್ತವೆ. ಮೇಲಿನ ರೆಕ್ಕೆಯ ಬುಡದಿಂದ ಕೆಳಗಿನ ತುದಿಗೆ ಇಳಿಯುವವು ನೆಲಕ್ಕಿಳಿದಾಗ ರೆಕ್ಕೆ ಜೋತು ಬೀಳದಂತೆ ತಡೆಯುತ್ತವೆ. ಸಾಮಾನ್ಯ ಕಬ್ಬಿಣದ ತಂತಿ ನಮ್ಮಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನ ಹೆಣೆದ ತಂತಿಯನ್ನೇ ತನ್ನಿ. ವೀಣೆಯ ತಂತಿಯಷ್ಟು ಬಿಗಿ ಬೇಡ. ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಾಗಬೇಕು, ಎಡಬಲ ಒಂದೇ ಬಿಗಿ ಇರಬೇಕು. ಅತಿಯಾಗಿ ಎಳೆದರೆ ನೆಟ್ಟಗಿದ್ದ ರೆಕ್ಕೆಯನ್ನು ನಿಮ್ಮ ಕೈಯಾರೆ ತಿರುಚಿದಂತಾಗುತ್ತದೆ.

ಬಸ್ಸಿನಲ್ಲೋ ಬೈಕಿನಲ್ಲೋ ಹೋಗುವವರು ರೆಕ್ಕೆ ಬಿಚ್ಚಿ ಜೋಡಿಸುವಂತೆ ಮಾಡಿಕೊಳ್ಳಿ. ಪ್ರತಿ ತಂತಿಗೂ ಒಂದೊಂದು ಬಣ್ಣದ ದಾರ ಸುತ್ತಿ, ಅದು ಸಿಕ್ಕುವ ಕೊಂಡಿಗೂ ಅದೇ ಬಣ್ಣ ಹಾಕಿ. ಬಯಲಿನಲ್ಲಿ ನಿಂತು ಯಾವುದು ಎಲ್ಲಿಗೆ ಎಂದು ಹುಡುಕುವುದು ತಪ್ಪುತ್ತದೆ.

ಹಂತ 4: ಹೊದಿಕೆ

ಡಿಸೆಂಬರ್‌ಗೆ ಮುಂಚೆ ಹೊದಿಸಬೇಡಿ. ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಫಿಲ್ಮ್ ಇಲ್ಲಿಗೆ ಅನುಕೂಲ. ಒಂದೊಂದು ಫಿಲ್ಮಿಗೂ ಬೇಕಾದ ಬಿಸಿ ಬೇರೆ, ಚೂರಿನ ಮೇಲೆ ಪರೀಕ್ಷಿಸಿಯೇ ರೆಕ್ಕೆಗೆ ಹಚ್ಚಿ. ಮೇಲೆ ಕೆಳಗೆ ಸ್ವಲ್ಪ ಸ್ವಲ್ಪ ಸರದಿಯಂತೆ ಬಿಗಿ ಮಾಡಿ.

ಹಳೆಯ ರೂಪವೇ ಬೇಕು, ಬಟ್ಟೆಯೋ ಟಿಶ್ಯೂ ಕಾಗದವೋ ಹೊದಿಸಿ ಡೋಪ್ ಬಳಿಯುತ್ತೇನೆ ಎನ್ನುವವರು ಬಿಸಿಲಿನ ದಿನಕ್ಕೆ ಕಾಯಲೇಬೇಕು. ಡೋಪ್ ಅಂದರೆ ಬಟ್ಟೆಯನ್ನು ಬಿಗಿಗೊಳಿಸುವ ವಾರ್ನಿಶ್. ತೇವದ ಗಾಳಿಯಲ್ಲಿ ಬಳಿದರೆ ಅದು ಆರುವಾಗ ಮೇಲೆ ಬಿಳಿ ಮಬ್ಬು ಕೂರುತ್ತದೆ. ಅದರ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಹಾಗಾಗಿ ಒಲೆ ಇರುವ ಕಡೆ, ಬಲ್ಬಿನ ಬೀರುವಿನ ಹತ್ತಿರ ಸುತರಾಂ ಬೇಡ.

ಹಂತ 5: ತೂಕದ ಮಧ್ಯಬಿಂದು

ವಿಮಾನವನ್ನು ಎಲ್ಲಿ ಎತ್ತಿದರೆ ಮೂತಿ, ಬಾಲ ಎರಡೂ ಸಮ ನಿಲ್ಲುತ್ತದೋ ಅದು ಮಧ್ಯಬಿಂದು. ನಕ್ಷೆಯಲ್ಲಿ ಗುರುತು ಇದ್ದರೆ ಅದನ್ನೇ ನಂಬಿ. ಟೈಗರ್ ಮಾತ್‌ನ ರೆಕ್ಕೆ ಹಿಂದಕ್ಕೆ ವಾಲಿರುವುದರಿಂದ ಸುಮ್ನೆ ಊಹೆ ಮಾಡಬೇಡಿ.

ನೇರ ರೆಕ್ಕೆಯ ಬೈಪ್ಲೇನ್‌ಗೆ ಗುರುತು ಇಲ್ಲದಿದ್ದರೆ ಹೀಗೆ ಲೆಕ್ಕ ಹಾಕಿ. ಎರಡೂ ರೆಕ್ಕೆಯ ಅಡ್ಡಳತೆ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನ ತನಕ, 24 ಸೆಂಟಿಮೀಟರ್ ಅಂದುಕೊಳ್ಳಿ. ಮೇಲಿನ ರೆಕ್ಕೆ ಕೆಳಗಿನದಕ್ಕಿಂತ 8 ಸೆಂಟಿಮೀಟರ್ ಮುಂದಿದೆ. ಎರಡರ ಮುಂದಿನ ಅಂಚಿನ ಸರಾಸರಿ, ಮೇಲಿನ ಅಂಚಿನಿಂದ 4 ಸೆಂಟಿಮೀಟರ್ ಹಿಂದೆ ಬರುತ್ತದೆ. ಅಲ್ಲಿಂದ 24ರ ಕಾಲು ಭಾಗ, ಅಂದರೆ 6. ಒಟ್ಟು ಮೇಲಿನ ರೆಕ್ಕೆಯ ಮುಂದಿನ ಅಂಚಿನಿಂದ 10 ಸೆಂಟಿಮೀಟರ್ ಹಿಂದೆ. ಮೇಲಿನ ರೆಕ್ಕೆಯೊಂದರ ಕಾಲು ಭಾಗ ಹಿಡಿದು ಲೆಕ್ಕ ಹಾಕುವುದು ಎಲ್ಲರೂ ಮಾಡುವ ತಪ್ಪು.

ಬ್ಯಾಟರಿ ಹಾಕಿ, ನಡುಗಂಬದ ಹತ್ತಿರ ದಾರ ಕಟ್ಟಿ ನೇತುಹಾಕಿ ನೋಡಿ. ಮೂತಿ ಕೂದಲೆಳೆಯಷ್ಟು ಕೆಳಗಿದ್ದರೆ ಒಳ್ಳೆಯದು. ಬಾಲ ಭಾರವಾಗಿದ್ದರೆ ಹಾರಿಸಲೇಬೇಡಿ.

ಹಂತ 6: ಜಾಗ ಮತ್ತು ನಿಯಮ

ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ಶಿವಮೊಗ್ಗದವರು ಹಳೆಯ ಅಭ್ಯಾಸ ಬದಲಿಸಬೇಕು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗೆ 200 ಅಡಿ ಮೀರಬಾರದು. 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಹಾರಿಸುವ ಹಾಗೇ ಇಲ್ಲ. ಹೊರಗಿನ ಹಸಿರು ವಲಯದಲ್ಲಿ 400 ಅಡಿ ತನಕ ಅವಕಾಶ. ಶಿವಮೊಗ್ಗ ಪೇಟೆಯೇ ಈ 12 ಕಿಲೋಮೀಟರ್ ಒಳಗೆ ಬರುತ್ತದೆ. ನಿಮ್ಮ ಬಯಲು ಯಾವ ವಲಯದಲ್ಲಿದೆ ಎಂದು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಿಯೇ ಹೊರಡಿ. 2 ಕಿಲೋ ಒಳಗಿನದನ್ನು ಹಣಕ್ಕಲ್ಲದೆ ಹಾರಿಸಲು ಪೈಲಟ್ ಪರವಾನಗಿ ಬೇಕಿಲ್ಲ. ತೂಕ ಅದರೊಳಗೆ ಇಡಿ ಎಂದಿದ್ದು ಅದಕ್ಕೇ. ನೋಂದಣಿ, ವಿಮೆಯ ನಿಯಮಗಳನ್ನೂ ಪ್ರತಿ ವರ್ಷ ಹೊಸದಾಗಿ ಓದಿಕೊಳ್ಳಿ, ತಿದ್ದುಪಡಿ ಆಗುತ್ತಿರುತ್ತವೆ.

ಅಭಯಾರಣ್ಯ, ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಪಕ್ಷಿಗಳಿರುವ ಹೊಳೆ, ಇವುಗಳ ಸುತ್ತಮುತ್ತ ಬೇಡವೇ ಬೇಡ.

ನಮಗೆ ಸಿಗುವ ಒಳ್ಳೆಯ ಜಾಗ ಅಂದರೆ ಕೊಯ್ಲು ಮುಗಿದ ಗದ್ದೆ ಬಯಲು. ಸೊರಬ, ಶಿಕಾರಿಪುರ ಕಡೆ ವಿಶಾಲವಾಗಿ ಸಿಗುತ್ತವೆ. ಗದ್ದೆಯ ಯಜಮಾನರನ್ನು ಕೇಳಿಯೇ ಇಳಿಯಿರಿ. ಭತ್ತದ ಕೂಳೆ ಚಕ್ರಕ್ಕೆ ಸಿಕ್ಕಿ ವಿಮಾನ ಮೂತಿ ಊರುತ್ತದೆ, ಅದಕ್ಕೆ 30 ಮೀಟರ್ ಉದ್ದ, 5 ಮೀಟರ್ ಅಗಲ ಕೂಳೆ ಸವರಿ ಓಡುದಾರಿ ಮಾಡಿಕೊಳ್ಳಿ. ಕರೆಂಟ್ ಲೈನು, ಕರೆಂಟ್ ಹಾಯಿಸಿದ ಐಬೆಕ್ಸ್ ಬೇಲಿ, ಮೇಯುವ ದನ ಎಲ್ಲಿವೆ ಎಂದು ಮೊದಲೇ ನಡೆದು ನೋಡಿ. ಅಡಿಕೆ ತೋಟದ ಅಂಚು ಗಾಳಿ ಬೀಸಿ ಬರುವ ಕಡೆ ಇದ್ದರೆ ಆ ಬಯಲು ಬಿಟ್ಟುಬಿಡಿ. ಮರಗಳ ಮೇಲಿಂದ ಇಳಿಯುವ ಗಾಳಿ ಸುಳಿ ಸುಳಿಯಾಗಿ ಬರುತ್ತದೆ, ಇಳಿಯುವಾಗ ವಿಮಾನವನ್ನು ಒದರಿಬಿಡುತ್ತದೆ. ತೋಟದ ಹಿಂದೆ ಹೋದರೆ ರೇಡಿಯೋ ಸಂಕೇತವೂ ಕ್ಷೀಣಿಸುತ್ತದೆ.

ಹಂತ 7: ಹಾರಾಟ

ಹೊತ್ತು: ಇಬ್ಬನಿ ಆರಿದ ಮೇಲೆ ಗಾಳಿ ಏಳುವ ತನಕ, ಅಥವಾ ಸಂಜೆ ನಾಲ್ಕೂವರೆ ಮೇಲೆ. ಇಬ್ಬನಿಯ ಹುಲ್ಲಿನಲ್ಲಿ ಓಡಿಸಿದರೆ ಹೊಟ್ಟೆಯೆಲ್ಲ ಒದ್ದೆ.

ಪ್ರತಿ ದಿನ ಮೊದಲ ಹಾರಾಟಕ್ಕೆ ಮುಂಚೆ ಮೂರು ಪರೀಕ್ಷೆ. ಒಂದು, ಟ್ರಾನ್ಸ್‌ಮಿಟರ್‌ನ ರೇಂಜ್ ಚೆಕ್ ಒತ್ತಿ 30 ಹೆಜ್ಜೆ ದೂರ ಹೋಗಿ, ಎಲ್ಲ ಅಲುಗುತ್ತದೆಯೇ ನೋಡುವುದು. ಎರಡು, ವಿಮಾನವನ್ನು ಯಾರಾದರೂ ಗಟ್ಟಿ ಹಿಡಿದಿರುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ ಮೋಟಾರು ನಿಲ್ಲುತ್ತದೆಯೇ ನೋಡುವುದು. ಮೂರು, ವಿಮಾನದ ಹಿಂದೆ ನಿಂತು ಟ್ರಾನ್ಸ್‌ಮಿಟರ್‌ನ ಐಲೆರಾನ್ ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲ ಐಲೆರಾನ್ ಮೇಲೇಳಬೇಕು. ತಿರುಗುಮುರುಗಾಗಿ ಜೋಡಿಸಿ ಮೊದಲ ಹಾರಾಟದಲ್ಲೇ ಕಳೆದುಕೊಂಡವರು ಬಹಳ.

ಗಾಳಿಗೆ ಎದುರಾಗಿ ನಿಲ್ಲಿಸಿ. ಥ್ರಾಟಲ್, ಅಂದರೆ ಮೋಟಾರಿನ ವೇಗದ ಕಡ್ಡಿ, ನಿಧಾನ ಏರಿಸಿ. ಮೂತಿ ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಸ್ವಲ್ಪ ಸ್ವಲ್ಪ ಕೊಡುತ್ತಿರಿ. ಬಾಲ ತಾನಾಗಿ ಎದ್ದು, ಇನ್ನೂ ಸ್ವಲ್ಪ ಓಡಿದ ಮೇಲೆ ಎಲಿವೇಟರ್ ಮೆಲ್ಲಗೆ ಎಳೆಯಿರಿ. ಕಡಿದಾಗಿ ಏರಿಸಬೇಡಿ.

ತಿರುವಿನಲ್ಲಿ ಬೈಪ್ಲೇನ್ ಬೇರೆ ವಿಮಾನದ ಹಾಗಲ್ಲ. ಬಲಕ್ಕೆ ತಿರುಗಿಸಲು ಐಲೆರಾನ್ ಕೊಟ್ಟರೆ, ಎಡಗಡೆ ಕೆಳಗಿಳಿದ ಐಲೆರಾನ್ ಗಾಳಿಗೆ ಜಾಸ್ತಿ ತಡೆಯಾಗಿ ಮೂತಿಯನ್ನು ಎಡಕ್ಕೇ ಜಗ್ಗುತ್ತದೆ. ವಿಮಾನ ಒಂದು ಕಡೆ ವಾಲಿ ಇನ್ನೊಂದು ಕಡೆ ನೋಡುತ್ತದೆ. ಇದಕ್ಕೆ ಎರಡು ಮದ್ದು. ಟ್ರಾನ್ಸ್‌ಮಿಟರ್‌ನಲ್ಲಿ ಐಲೆರಾನ್ ಮೇಲೆ ಹೋಗುವುದು ಎರಡು ಪಾಲು, ಕೆಳಗೆ ಹೋಗುವುದು ಒಂದು ಪಾಲು ಎಂದು ಹೊಂದಿಸಿ. ನಿಜವಾದ ಟೈಗರ್ ಮಾತ್‌ನಲ್ಲೂ ಇದೇ ಬಗೆಯ ಏರ್ಪಾಡು ಇದೆ. ಎರಡನೆಯದು, ತಿರುವನ್ನು ರಡ್ಡರ್‌ನಿಂದ ಶುರು ಮಾಡಿ. ಎರಡೂ ಕೈ ಒಟ್ಟಿಗೆ ಕೆಲಸ ಮಾಡುವುದು ಅಭ್ಯಾಸವಾದ ದಿನ ಈ ವಿಮಾನ ಗಾಳಿಯಲ್ಲಿ ತೇಲಿಕೊಂಡು ತಿರುಗುವ ಚೆಂದ ನೋಡಬೇಕು.

ಇಳಿಸುವಾಗ ಥ್ರಾಟಲ್ ಪೂರ್ತಿ ಮುಚ್ಚಬೇಡಿ. ಕಂಬ, ತಂತಿಗಳ ತಡೆಯಿಂದ ವೇಗ ಥಟ್ಟನೆ ಬಿದ್ದು ವಿಮಾನ ಕಲ್ಲಿನ ಹಾಗೆ ಇಳಿಯುತ್ತದೆ. ಸ್ವಲ್ಪ ಥ್ರಾಟಲ್ ಇಟ್ಟುಕೊಂಡೇ ಬನ್ನಿ, ಚಕ್ರ ನೆಲ ಮುಟ್ಟಿದ ಮೇಲೆ ಮುಚ್ಚಿ. ಮುಟ್ಟಿದ ಮೇಲೂ ನಿಲ್ಲುವ ತನಕ ರಡ್ಡರ್ ಬಿಡಬೇಡಿ, ಅಡ್ಡಗಾಳಿಗೆ ಗಿರಕಿ ಹೊಡೆದು ಕೆಳ ರೆಕ್ಕೆ ಉಜ್ಜುತ್ತದೆ. ಮೊದಮೊದಲು ಆರು ನಿಮಿಷಕ್ಕೆ ಟೈಮರ್ ಇಡಿ. ಹದ್ದು, ಗರುಡ ಸುತ್ತಲು ಬಂದರೆ ಜಗಳ ಬೇಡ, ಇಳಿಸಿಬಿಡಿ.

ಅಡಿಕೆ ಮರದ ತುದಿಗೆ ಸಿಕ್ಕಿಕೊಂಡರೆ ಕಲ್ಲು ಹೊಡೆಯಬೇಡಿ, ನೀವೇ ಹತ್ತಬೇಡಿ. ತೋಟದ ಯಜಮಾನರಿಗೆ ಹೇಳಿ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರನ್ನು ಕರೆಸಿ. ಬ್ಯಾಟರಿ ಇರುವ ಜಾಗ, ಪ್ರೊಪೆಲ್ಲರ್ ಮುಟ್ಟಬಾರದೆಂಬುದನ್ನು ಅವರಿಗೆ ಮೊದಲೇ ವಿವರಿಸಿ, ಟ್ರಾನ್ಸ್‌ಮಿಟರ್ ಆನ್ ಇಟ್ಟು ಥ್ರಾಟಲ್ ಸೊನ್ನೆಯಲ್ಲಿಡಿ. ಕರೆಂಟ್ ತಂತಿಗೆ ಸಿಕ್ಕಿದರೆ ದೋಟಿ ಹಿಡಿದು ಹೋಗುವುದು ಪ್ರಾಣಕ್ಕೇ ಅಪಾಯ. ಮೆಸ್ಕಾಂ ಲೈನ್‌ಮ್ಯಾನ್‌ಗೆ ತಿಳಿಸಿ ಕಾಯಿರಿ.

ಹಂತ 8: ಮಳೆಗಾಲ ದಾಟಿಸುವುದು

ನನ್ನ ಮೊದಲ ಟೈಗರ್ ಮಾತ್‌ನ ರೆಕ್ಕೆಗಳನ್ನು ಗೋಡೆಗೆ ಎರಡು ಮೊಳೆ ಹೊಡೆದು ನೇತುಹಾಕಿದ್ದೆ. ಡಿಸೆಂಬರ್‌ನಲ್ಲಿ ನೆಲ ಬಿಟ್ಟ ಕೂಡಲೇ ಎಡಕ್ಕೆ ಮಗುಚಿತು. ಗೋಡೆ ಕಡೆಯ ಮುಖ ತೇವ ಕುಡಿದಿತ್ತು, ಕೋಣೆ ಕಡೆಯದು ಒಣಗಿತ್ತು. ತಿರುಚಿದ್ದು ಅದಕ್ಕೇ.

ಮೇ ತಿಂಗಳ ಕೊನೆಯೊಳಗೆ, ಮೃಗಶಿರಾ ಮಳೆ ಹಿಡಿಯುವ ಮುಂಚೆ, ಈ ಕೆಲಸ ಮುಗಿಸಿ. ತಂತಿಗಳನ್ನು ಬಿಚ್ಚಿ. ಬಿಗಿ ಇದ್ದ ಹಾಗೇ ಬಿಟ್ಟರೆ ನಾಲ್ಕು ತಿಂಗಳು ರೆಕ್ಕೆಯನ್ನು ಎಳೆಯುತ್ತಲೇ ಇರುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ. ಬೆವರಿನ ಕೈ ಗುರುತಿನ ಮೇಲೆಯೇ ಬೂಷ್ಟು ಮೊದಲು ಹಿಡಿಯುತ್ತದೆ. ಎರಡು ದಿನ ಒಣ ಬೀರುವಿನಲ್ಲಿಟ್ಟು, ಆಮೇಲೆ ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಸಿಲಿಕಾ ಜೆಲ್ ಸಮೇತ ಹಾಕಿ ಬಾಯಿ ಮುಚ್ಚಿ. ಒಣಗಿಸದೆ ಚೀಲಕ್ಕೆ ಹಾಕಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ. ಸಿಲಿಕಾ ಜೆಲ್ ಬಣ್ಣ ಬದಲಿಸುವ ಬಗೆಯದಾಗಲಿ. ಬಣ್ಣ ತಿರುಗಿದರೆ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು.

ರೆಕ್ಕೆಗಳನ್ನು ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿ, ಮೂರು ನಾಲ್ಕು ಕಡೆ ಸ್ಪಾರ್ ಕೆಳಗೆ ಆಧಾರ ಕೊಡಿ. ಗೋಡೆಯಿಂದ ಒಂದು ಗೇಣು ದೂರ. ಹಳೆಯ ಮನೆಯಲ್ಲಿ ಬಚ್ಚಲೊಲೆಯ ಅಥವಾ ಅಡುಗೆ ಒಲೆಯ ಮೇಲಿನ ಅಟ್ಟ ಇದ್ದರೆ ಮಳೆಗಾಲದಲ್ಲಿ ಅದರಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ. ಹೊಗೆಗೆ ಹುಳವೂ ಹತ್ತಿರ ಬರುವುದಿಲ್ಲ. ಆದರೆ ಮಳೆ ಬಿಟ್ಟ ಮೇಲೆ ಹೆಂಚಿನ ಕೆಳಗೆ ಸೆಖೆ ಏರುತ್ತದೆ, ಫಿಲ್ಮ್ ಸಡಿಲವಾಗುತ್ತದೆ, ಆಗ ಕೆಳಗಿಳಿಸಿ. ಹಲಗೆಯ ಕಾಲಿಗೆ ಗೆದ್ದಲು ಏರಿದೆಯೇ ಎಂದು ವಾರಕ್ಕೊಮ್ಮೆ ನೋಡಿ. ಮೋಟಾರಿನ ಮೂತಿ, ಕೊಳವೆಗಳಿಗೆಲ್ಲ ಹತ್ತಿ ತುರುಕಿಡಿ, ಇಲ್ಲದಿದ್ದರೆ ಕಣಜ ಮಣ್ಣಿನ ಗೂಡು ಕಟ್ಟಿಬಿಡುತ್ತದೆ. ಟಿಶ್ಯೂ ಹೊದಿಕೆಯಾದರೆ ಜಿರಲೆಗೂ ಹೆದರಬೇಕು.

ಲಿಪೋ ಬ್ಯಾಟರಿ ಮಾತ್ರ ಇವುಗಳ ಜೊತೆ ಬೇಡ. ಒಲೆಯ ಅಟ್ಟವೂ ಬೇಡ, ಬಲ್ಬಿನ ಬೀರುವೂ ಬೇಡ. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್ ಇರುತ್ತದೆ. ಹಾಗೇ ತಿಂಗಳುಗಟ್ಟಲೆ ಇಟ್ಟರೆ ಉಬ್ಬುತ್ತದೆ. ಚಾರ್ಜರ್‌ನ ಸ್ಟೋರೇಜ್ ಕ್ರಮದಲ್ಲಿ ಪ್ರತಿ ಸೆಲ್ಲನ್ನು 3.8 ವೋಲ್ಟ್ ಸುಮಾರಿಗೆ ತಂದು, ಮರ ಬಟ್ಟೆಗಳಿಂದ ದೂರ, ತಂಪಾದ ಕಡೆ, ಮಣ್ಣಿನ ಮಡಕೆಯಲ್ಲೋ ಕಬ್ಬಿಣದ ಡಬ್ಬಿಯಲ್ಲೋ ಇಡಿ. ಡಬ್ಬಿಯ ಮುಚ್ಚಳ ಬಿಗಿ ಬೇಡ, ವೈರಿನ ತುದಿ ಲೋಹಕ್ಕೆ ತಾಗದಂತೆ ಟೇಪು ಸುತ್ತಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬೇಡಿ.

ರೆಕ್ಕೆ ಸೊಟ್ಟಗಾಗಿಯೇ ಬಿಟ್ಟಿದ್ದರೆ

ಮೊದಲು ಒಂದು ವಾರ ಒಣ ಬೀರುವಿನಲ್ಲಿಡಿ. ಅರ್ಧದಷ್ಟು ಸಲ ತೇವ ಹೋದ ಹಾಗೆ ತಾನಾಗಿ ನೆಟ್ಟಗಾಗುತ್ತದೆ. ಆಗಲೂ ತಿರುಚು ಉಳಿದಿದ್ದರೆ ಹೊದಿಕೆ ನೋಡಿ ಮುಂದುವರಿಯಿರಿ.

ಫಿಲ್ಮ್ ಹೊದಿಕೆಯಾದರೆ ಇಬ್ಬರು ಬೇಕು. ಒಬ್ಬರು ರೆಕ್ಕೆಯನ್ನು ತಿರುಚಿದ್ದಕ್ಕೆ ವಿರುದ್ಧ ದಿಕ್ಕಿಗೆ, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ತಿರುಗಿಸಿ ಹಿಡಿದುಕೊಳ್ಳಲಿ. ಇನ್ನೊಬ್ಬರು ಎದ್ದ ಸುಕ್ಕುಗಳ ಮೇಲೆ ಇಸ್ತ್ರಿ ಆಡಿಸಲಿ, ಮೇಲೆ ಒಮ್ಮೆ ಕೆಳಗೆ ಒಮ್ಮೆ. ಆರುವ ತನಕ ಕೈ ಬಿಡಬಾರದು. ಟಿಶ್ಯೂ ಮತ್ತು ಡೋಪ್ ಆದರೆ ಕೆಟಲ್‌ನ ಹಬೆಯ ಮೇಲೆ ಹಿಡಿದು ಇದೇ ರೀತಿ ತಿರುಗಿಸಿ, ಹಲಗೆಗೆ ಪಿನ್ನು ಹಾಕಿ ಎರಡು ದಿನ ಬಿಡಿ.

ಆಮೇಲೆ ಫೋನಿನಿಂದ ಮತ್ತೆ ಕೋನ ಅಳೆದು ಬರೆದಿಡಿ. ವಾರ ಬಿಟ್ಟು ಇನ್ನೊಮ್ಮೆ ಅಳೆಯಿರಿ. ತಿರುಚು ಮರಳಿ ಬಂದಿದ್ದರೆ ಒಳಗೆ ಎಲ್ಲೋ ಒಂದು ಜೋಡಣೆ ಬಿಟ್ಟಿದೆ. ಹೊದಿಕೆ ಕೀಳಲು ಮನಸ್ಸು ಬರುವುದಿಲ್ಲ, ಆದರೂ ಕಿತ್ತು, ಸ್ಪಾರ್ ಉದ್ದಕ್ಕೂ ಒಂದೊಂದು ರಿಬ್ಬನ್ನೂ ಬೆರಳಲ್ಲಿ ಒತ್ತಿ ನೋಡಿ. ಅಲುಗುವುದು ಸಿಕ್ಕೇ ಸಿಗುತ್ತದೆ. ಅದಕ್ಕೆ ಅಂಟು ಹಾಕಿ, ಎರಡು ರಾತ್ರಿ ಹಲಗೆಯ ಮೇಲೆ ಬಿಟ್ಟು, ಡಿಸೆಂಬರ್ ಬಿಸಿಲು ಬಂದ ಮೇಲೆ ಮತ್ತೆ ಹೊದಿಸಿ.